ಕೆರೆ ಅಂಗಳದ ವೇಗಕ್ಕೆ ಕಟ್ಟಳೆ ತಂದ ವಾಲಿ ಪಾರ್ಕ್ಸ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಕೆರೆಗಳು ಬತ್ತಿ ಅಂಗಳ ತೆರೆದುಕೊಳ್ಳುತ್ತದೆ. ಒತ್ತೊತ್ತಾಗಿ ನಿಂತ ತೆಂಗಿನ ತೋಟಗಳ ನಡುವೆ ಅಷ್ಟು ವಿಶಾಲವಾದ ಬಯಲು ಬೇರೆಲ್ಲೂ ಸಿಗದು. ಹುಡುಗರು ಮೊದಲು ಸೈಕಲ್, ಆಮೇಲೆ ಬೈಕ್, ಕೊನೆಗೆ ಅಪ್ಪನ ಕಾರಿನ ಸ್ಟಿಯರಿಂಗ್ ಹಿಡಿಯಲು ಕಲಿಯುವುದು ಇಂಥ ಅಂಗಳದಲ್ಲೇ. ಕಲಿತ ಮೇಲೆ ಅಂಗಳ ಸಾಲದಾಗುತ್ತದೆ. ತೋಟಗಳನ್ನು ಸೀಳಿಕೊಂಡು ಸಾಗುವ ಹೆದ್ದಾರಿ ಕಣ್ಣೆದುರೇ ಇರುತ್ತದೆ. ಯಾರ ಗಾಡಿ ಮುಂದು ಎಂಬ ಪಂಥ ಹುಟ್ಟಿದ ಕ್ಷಣದಲ್ಲಿ ಊರವರ ರಸ್ತೆಯೇ ಪಂದ್ಯದ ಕಣವಾಗಿ ಬಿಡುತ್ತದೆ. ಎದುರಿನಿಂದ ತೆಂಗಿನಕಾಯಿ ತುಂಬಿದ ಲಾರಿ ಬರುತ್ತಿರಬಹುದು, ಸಂತೆ ಮುಗಿಸಿ ಹೊರಟವರು ರಸ್ತೆ ದಾಟುತ್ತಿರಬಹುದು.

ಇದು ಈ ಸೀಮೆಗೆ ಮಾತ್ರ ಸೇರಿದ ಕಥೆಯಲ್ಲ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೇ ನಡೆದಿತ್ತು. ಅಲ್ಲಿಯೂ ಆಟ ಶುರುವಾದದ್ದು ಬತ್ತಿದ ಕೆರೆಯ ಅಂಗಳದಲ್ಲಿ. ಅಲ್ಲಿಂದ ಅದು ಬೀದಿಗೆ ಬಂತು, ಬೀದಿಯಲ್ಲಿ ಹೆಣ ಬಿದ್ದವು, ನಿಷೇಧದ ಕೂಗು ಎದ್ದಿತು. ಆಗ ನಿಷೇಧಕ್ಕೂ ಮೊಂಡು ಹಟಕ್ಕೂ ನಡುವೆ ಮೂರನೆಯ ದಾರಿಯೊಂದನ್ನು ತೋರಿಸಿದವರು ವಾಲಿ ಪಾರ್ಕ್ಸ್. ದಿನನಿತ್ಯ ಓಡಾಡುವ ಕಾರನ್ನೇ ಪಂದ್ಯಕ್ಕೆ ತರುವ ಸಾಮಾನ್ಯನಿಗಾಗಿ ಸುರಕ್ಷತೆಯ ನಿಯಮ ಹಾಗೂ ವರ್ಗ ವಿಂಗಡಣೆಯ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದ ಕೀರ್ತಿ ಬಹುಪಾಲು ಅವರಿಗೇ ಸಲ್ಲಬೇಕು.

ಒಣಗಿದ ಕೆರೆಯ ಹುಡುಗ

ವಾಲಿ ಪಾರ್ಕ್ಸ್ ಜನಿಸಿದ್ದು 1913ರ ಜನವರಿ 23ರಂದು, ಓಕ್ಲಹೋಮ ರಾಜ್ಯದ ಗೋಲ್ಟ್ರಿ ಎಂಬ ಸಣ್ಣ ಊರಿನಲ್ಲಿ. ಅವರ ಬಾಲ್ಯದಲ್ಲೇ ಕುಟುಂಬ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರುಗಳು ಗುಜರಿ ಬೆಲೆಗೆ ಸಿಗುತ್ತಿದ್ದ ಕಾಲವದು. ಹುಡುಗರು ಅವನ್ನು ಕೊಂಡು ತಂದು, ಮಡ್‌ಗಾರ್ಡು ಕಳಚಿ, ತೂಕ ಇಳಿಸಿ, ಎಂಜಿನ್ನಿಗೆ ಹೊಸ ಕಸುವು ತುಂಬಿ ಓಡಿಸುತ್ತಿದ್ದರು. ಮುಂದೆ ಇಂಥ ಕಾರುಗಳಿಗೆ ಹಾಟ್ ರಾಡ್ ಎಂಬ ಹೆಸರು ನಿಂತಿತು.

ಲಾಸ್ ಏಂಜಲಿಸ್ ನಗರದಿಂದ ಕೆಲವು ತಾಸು ದೂರದ ಮರುಭೂಮಿಯಲ್ಲಿ ಮುರಾಕ್ ಎಂಬ ಬತ್ತಿದ ಸರೋವರವಿತ್ತು. ಮೈಲಿಗಟ್ಟಲೆ ಸಮತಟ್ಟು, ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾದ ನೆಲ. ಇಪ್ಪತ್ತರ ಹರೆಯದ ಪಾರ್ಕ್ಸ್ ಅಲ್ಲಿನ ಓಟಗಳಿಗೆ ಮರುಳಾದರು. ಆರಂಭದ ದಿನಗಳಲ್ಲಿ ಹಲವು ಕಾರುಗಳು ಒಟ್ಟಿಗೇ ಸಾಲಾಗಿ ಹೊರಡುತ್ತಿದ್ದವು. ಮುಂದಿರುವವನಿಗೆ ಮಾತ್ರ ದಾರಿ ಕಾಣುತ್ತಿತ್ತು. ಹಿಂದಿದ್ದವರು ಧೂಳಿನ ಗೋಡೆಯೊಳಗೆ ಕಣ್ಣು ಕಟ್ಟಿದವರಂತೆ ನುಗ್ಗುತ್ತಿದ್ದರು. ನಿಂತ ಕಾರಿಗೆ ಹಿಂದಿನ ಕಾರು ಬಂದು ಬಡಿದರೆ ಕೇಳುವವರಿರಲಿಲ್ಲ.

1937ರಲ್ಲಿ ಪಾರ್ಕ್ಸ್ ತಮ್ಮ ಗೆಳೆಯರೊಂದಿಗೆ ರೋಡ್ ರನ್ನರ್ಸ್ ಎಂಬ ಕ್ಲಬ್ ಕಟ್ಟಿದರು. ಅದೇ ವರ್ಷ ಹಲವು ಕ್ಲಬ್‌ಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿಕೊಂಡಿತು. ಹಿಂಡಾಗಿ ಓಡುವ ಪದ್ಧತಿಗೆ ಬದಲಾಗಿ ಒಂದೊಂದೇ ಕಾರು ಗಡಿಯಾರದ ಎದುರು ಓಡುವ ಕ್ರಮ ನೆಲೆಗೊಂಡಿತು. ಪಾರ್ಕ್ಸ್ ಬದುಕಿನ ಮೊದಲ ಪಾಠ ಇದು. ಆಟದ ರುಚಿ ಕೆಡದಂತೆ ಅದರ ರೀತಿಯನ್ನು ಬದಲಿಸಿದರೆ ಅರ್ಧ ಅಪಾಯ ತಾನಾಗಿ ಇಳಿಯುತ್ತದೆ ಎಂಬುದನ್ನು ಅವರು ಅಲ್ಲಿಯೇ ಕಂಡುಕೊಂಡರು.

ಯುದ್ಧ ಮುಗಿದ ಮೇಲೆ

ಎರಡನೆಯ ಮಹಾಯುದ್ಧದಲ್ಲಿ ಪಾರ್ಕ್ಸ್ ಸೇನೆ ಸೇರಿ ಪೆಸಿಫಿಕ್ ರಣರಂಗದಲ್ಲಿ ಸೇವೆ ಸಲ್ಲಿಸಿದರು. ಮುರಾಕ್ ಬಯಲನ್ನು ಸೇನೆ ವಶಪಡಿಸಿಕೊಂಡಿತು. ಅದೇ ಮುಂದೆ ಎಡ್ವರ್ಡ್ಸ್ ವಾಯುನೆಲೆಯಾಯಿತು. ಯುದ್ಧ ಮುಗಿಸಿ ಮರಳಿದ ಯುವಕರ ಕೈಯಲ್ಲಿ ಒಂದಿಷ್ಟು ಹಣವಿತ್ತು, ಸೇನೆಯಲ್ಲಿ ಕಲಿತ ಯಂತ್ರವಿದ್ಯೆ ಇತ್ತು, ವೇಗದ ಹಂಬಲವಂತೂ ಮೊದಲಿಗಿಂತ ಹೆಚ್ಚಾಗಿತ್ತು. ಆದರೆ ಮರುಭೂಮಿಯವರೆಗೆ ಹೋಗಿ ಬರಲು ಎಲ್ಲರಿಗೂ ಪುರಸೊತ್ತಿರಲಿಲ್ಲ. ನಗರದ ಬೀದಿಗಳಲ್ಲಿ, ಸಿಗ್ನಲ್ ದೀಪದಿಂದ ಸಿಗ್ನಲ್ ದೀಪಕ್ಕೆ, ರಾತ್ರಿಯ ಓಟಗಳು ಶುರುವಾದವು.

ಪತ್ರಿಕೆಗಳಲ್ಲಿ ಅಪಘಾತದ ಸುದ್ದಿಗಳು ತುಂಬಿದವು. ಹಾಟ್ ರಾಡ್ ಎಂಬ ಮಾತು ಪೋಲಿ ಹುಡುಗರನ್ನು ಬೈಯುವ ಪದವಾಯಿತು. ಕಾರು ಮಾರ್ಪಡಿಸುವುದನ್ನೇ ನಿಷೇಧಿಸಬೇಕೆಂಬ ಒತ್ತಾಯ ಕೇಳಿಬಂತು. ಆ ಹೊತ್ತಿಗೆ ಪಾರ್ಕ್ಸ್ ಟೈಮಿಂಗ್ ಅಸೋಸಿಯೇಷನ್‌ನ ಆಡಳಿತದ ಹೊಣೆ ಹೊತ್ತಿದ್ದರು. 1948ರಲ್ಲಿ ರಾಬರ್ಟ್ ಪೀಟರ್ಸನ್ ಆರಂಭಿಸಿದ ಹಾಟ್ ರಾಡ್ ಮಾಸಪತ್ರಿಕೆಗೆ ಅವರು ಸಂಪಾದಕರೂ ಆದರು. 1949ರ ಆಗಸ್ಟ್‌ನಲ್ಲಿ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಹವ್ಯಾಸಿಗಳ ಮೊದಲ ವೇಗಸಪ್ತಾಹ ನಡೆದಾಗ ಅದರ ಹಿಂದಿನ ಪ್ರಮುಖ ಶಕ್ತಿಗಳಲ್ಲಿ ಅವರೂ ಒಬ್ಬರು.

1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದ ಓಡುಹಾದಿಯೊಂದರಲ್ಲಿ ಭಾನುವಾರಗಳಂದು ಹಣ ಪಡೆದು ಪಂದ್ಯ ನಡೆಸುವ ಏರ್ಪಾಟು ಶುರುವಾಯಿತು. ಅಂತರ ಕಾಲು ಮೈಲಿ, ಅಂದರೆ 402 ಮೀಟರ್. ಎರಡು ಕಾರು, ನೇರ ದಾರಿ, ನಿಂತಲ್ಲಿಂದ ಹೊರಟು ಮೊದಲು ಗೆರೆ ದಾಟಿದವನು ಗೆದ್ದ. ಇದೇ ಡ್ರ್ಯಾಗ್ ರೇಸ್. ಬೀದಿಯಲ್ಲಿ ಕದ್ದು ಆಡುತ್ತಿದ್ದ ಆಟವನ್ನು ಹಾಗೆಯೇ ಎತ್ತಿ ಬೇಲಿಯೊಳಗೆ ತಂದಂತಾಯಿತು.

ಪೊಲೀಸರೊಂದಿಗೆ ಸ್ನೇಹ

1951ರಲ್ಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿ ಅದರ ಅಧ್ಯಕ್ಷರಾದರು. ಬೈಗುಳವಾಗಿದ್ದ ಪದವೇ ಸಂಘದ ಹೆಸರಿನಲ್ಲಿ ಉಳಿಯಿತು. ಹೆಸರಿಗೆ ಅಂಟಿದ ಕಳಂಕ ತೊಳೆಯಬೇಕಾದರೆ ನಡತೆ ತಿದ್ದಿಕೊಳ್ಳಬೇಕು, ಹೆಸರು ಬದಲಿಸಿದರೆ ಸಾಲದು ಎಂಬ ನಿಲುವು ಅದರಲ್ಲಿ ಕಾಣುತ್ತದೆ.

ಸಂಘದ ಮೊದಲ ಅಧಿಕೃತ ಪಂದ್ಯ ನಡೆದದ್ದು 1953ರ ಏಪ್ರಿಲ್‌ನಲ್ಲಿ, ಪೊಮೋನಾ ಪಟ್ಟಣದ ಜಾತ್ರೆ ಮೈದಾನದ ವಾಹನ ನಿಲುಗಡೆ ಜಾಗದಲ್ಲಿ. ಅದಕ್ಕೆ ನೆರವಾದವರು ಅಲ್ಲಿನ ಪೊಲೀಸರು ಎಂಬುದು ಗಮನಾರ್ಹ. ಬೀದಿ ಓಟಗಾರರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ದಂಡ ಹಾಕುವುದಕ್ಕಿಂತ ಅವರಿಗೊಂದು ಜಾಗ ತೋರಿಸುವುದು ಮೇಲು ಎಂದು ಪೊಮೋನಾದ ಪೊಲೀಸ್ ಅಧಿಕಾರಿಗಳು ಮನಗಂಡಿದ್ದರು. ಅವರಲ್ಲಿ ಒಬ್ಬರಾದ ಸಾರ್ಜೆಂಟ್ ಬಡ್ ಕೂನ್ಸ್ ಮುಂದೆ ಪಾರ್ಕ್ಸ್ ಜತೆ ಸೇರಿ ಈ ಕೆಲಸಕ್ಕೇ ನಿಂತುಬಿಟ್ಟರು.

1954ರಲ್ಲಿ ಕೂನ್ಸ್ ನೇತೃತ್ವದ ನಾಲ್ವರ ತಂಡ ಒಂದು ಕಾರಿಗೆ ಟ್ರೈಲರ್ ಕಟ್ಟಿಕೊಂಡು ದೇಶಾದ್ಯಂತ ಹೊರಟಿತು. ಟ್ರೈಲರಿನಲ್ಲಿ ಸಮಯ ಅಳೆಯುವ ಯಂತ್ರ, ಧ್ವನಿವರ್ಧಕ, ತಂತಿ, ನಿಯಮಾವಳಿಯ ಪ್ರತಿಗಳು. ತಂಡದಲ್ಲಿ ಒಬ್ಬ ವಾಹನ ತಪಾಸಕ, ಒಬ್ಬ ಛಾಯಾಗ್ರಾಹಕ, ಒಬ್ಬ ಉದ್ಘೋಷಕ. ಊರಿನ ಯುವಕರನ್ನು, ಪೊಲೀಸರನ್ನು, ಪುರಪ್ರಮುಖರನ್ನು ಒಂದೆಡೆ ಕೂಡಿಸಿ, ಯುದ್ಧ ಮುಗಿದ ಮೇಲೆ ಬಿಕೋ ಎನ್ನುತ್ತಿದ್ದ ವಿಮಾನದ ಓಡುಹಾದಿಯಲ್ಲಿ ಪಂದ್ಯವೊಂದನ್ನು ನಡೆಸಿ ತೋರಿಸಿ, ಮುಂದಿನ ಊರಿಗೆ ಹೊರಡುವುದು ಅವರ ಕಾಯಕ. ಪ್ರೇಕ್ಷಕರು ಎಷ್ಟು ದೂರ ನಿಲ್ಲಬೇಕು, ಆಂಬುಲೆನ್ಸ್ ಎಲ್ಲಿರಬೇಕು, ಗೆರೆ ದಾಟಿದ ಮೇಲೆ ಕಾರು ನಿಲ್ಲಲು ಎಷ್ಟು ಜಾಗ ಬಿಡಬೇಕು ಎಂಬುದನ್ನೆಲ್ಲ ಆಡಿ ತೋರಿಸಿ ಕಲಿಸಿದರು. ಮೂರು ವರ್ಷ ನಡೆದ ಈ ಸಂಚಾರ ಸೇಫ್ಟಿ ಸಫಾರಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್ ಊರಿನ ಹಳೆಯ ಯುದ್ಧವಿಮಾನ ನೆಲೆಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ಏರ್ಪಟ್ಟಿತು. ಮಳೆ ಅದನ್ನು ಕೆಡಿಸಿತು. ಒದ್ದೆ ನೆಲದ ಮೇಲೆ ಹೇಗಾದರೂ ಮುಗಿಸಿಬಿಡುವ ಬದಲು ಸಂಘ ಪಂದ್ಯವನ್ನೇ ನಿಲ್ಲಿಸಿತು. ಉಳಿದ ಸುತ್ತುಗಳನ್ನು ನವೆಂಬರ್‌ನಲ್ಲಿ ಅರಿಜೋನಾ ರಾಜ್ಯದಲ್ಲಿ ನಡೆಸಿ ಪೂರೈಸಲಾಯಿತು.

ವರ್ಗ ವಿಂಗಡಣೆಯ ನ್ಯಾಯ

ತಿಪಟೂರಿನ ಮಾರುಕಟ್ಟೆಯಲ್ಲಿ ಹಸಿ ಕಾಯಿಯನ್ನೂ ಉಂಡೆ ಕೊಬ್ಬರಿಯನ್ನೂ ಒಂದೇ ರಾಶಿಯಲ್ಲಿ ಸುರಿದು ಬೆಲೆ ಕೂಗುವುದಿಲ್ಲ. ಗಾತ್ರ, ಒಣಗಿದ ಹದ, ಗುಣ ನೋಡಿ ಬೇರ್ಪಡಿಸಿದ ಮೇಲೆಯೇ ಹೋಲಿಕೆಗೆ ಅರ್ಥ ಬರುತ್ತದೆ. ವಾಹನಗಳ ಪಂದ್ಯದಲ್ಲೂ ಅಷ್ಟೇ. ದೊಡ್ಡ ಎಂಜಿನ್ನಿನ ಹಗುರ ಕಾರಿನ ಪಕ್ಕದಲ್ಲಿ ಮನೆಮಂದಿ ಓಡಾಡುವ ಭಾರದ ಕಾರು ನಿಲ್ಲಿಸಿದರೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಸೋತವನು ಗೆಲ್ಲುವ ಆಸೆಯಿಂದ ಸಾಲ ಮಾಡಿ, ಕಾರಿನ ಚೌಕಟ್ಟು ತಾಳಲಾರದ ಎಂಜಿನ್ ಕೂರಿಸುತ್ತಾನೆ. ಅನ್ಯಾಯದ ಪಂದ್ಯ ಹೀಗೆ ಅಪಾಯದ ಪಂದ್ಯವೂ ಆಗುತ್ತದೆ.

ಇದಕ್ಕೆ ಪಾರ್ಕ್ಸ್ ಸಂಘ ಕಂಡುಕೊಂಡ ಉಪಾಯ ತೂಕ ಮತ್ತು ಶಕ್ತಿಯ ಅನುಪಾತ. ಮಾರ್ಪಾಡು ಮಾಡಿದ ಕಾರುಗಳಲ್ಲಿ ಕಾರಿನ ತೂಕವನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ, ಬಂದ ಅಂಕಿಯ ಮೇಲೆ ವರ್ಗ ನಿರ್ಧರಿಸುವುದು. ಮಾರ್ಪಾಡಿಲ್ಲದ ಕಾರುಗಳಿಗೆ ಕಾರ್ಖಾನೆಯವರು ಹೇಳಿದ ತೂಕ ಮತ್ತು ಅಶ್ವಶಕ್ತಿಯೇ ಆಧಾರ. ಯಾವ ವರ್ಗದಲ್ಲಿ ಏನನ್ನು ಬದಲಿಸಬಹುದು, ಏನನ್ನು ಮುಟ್ಟಕೂಡದು ಎಂಬ ಪಟ್ಟಿ ಬೇರೆ. ಸಂಬಳದ ಹುಡುಗ ಕಚೇರಿಗೆ ಓಡಿಸುವ ಕಾರನ್ನೇ ಭಾನುವಾರ ತಂದು, ತನ್ನಂಥವನ ಎದುರೇ ಓಡಿ, ಕಪ್ ಗೆದ್ದು, ಅದೇ ಕಾರಿನಲ್ಲಿ ಮನೆಗೆ ಮರಳುವುದು ಇದರಿಂದ ಸಾಧ್ಯವಾಯಿತು.

ಮುಂದೆ 1970ರ ದಶಕದಲ್ಲಿ ಬೇರೂರಿದ ಬ್ರ್ಯಾಕೆಟ್ ಪದ್ಧತಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಕಾಲು ಮೈಲಿಯನ್ನು ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಓಡಬಲ್ಲದೆಂದು ಚಾಲಕನೇ ಮೊದಲು ಬರೆದುಕೊಡಬೇಕು. ನಿಧಾನದ ಕಾರಿಗೆ ಅಷ್ಟು ಮುಂಚಿತವಾಗಿ ಚಾಲನೆ ಸಿಗುತ್ತದೆ. ಆದರೆ ಬರೆದುಕೊಟ್ಟದ್ದಕ್ಕಿಂತ ಬೇಗ ಓಡಿದವನು ಸಾಮಾನ್ಯವಾಗಿ ಸೋಲುತ್ತಾನೆ. ದುಡ್ಡು ಸುರಿದು ವೇಗ ಕೊಳ್ಳುವವನಿಗಿಂತ ತನ್ನ ಗಾಡಿಯನ್ನು ಚೆನ್ನಾಗಿ ಬಲ್ಲವನಿಗೆ ಗೆಲುವು ಒಲಿಯುವ ಆಟ ಇದು.

ತಪಾಸಣೆಯ ಸಾಲು

ಪಂದ್ಯಕ್ಕೆ ಮುನ್ನ ಪ್ರತಿ ಕಾರೂ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕೆಂಬುದು ಪಾರ್ಕ್ಸ್ ಪಟ್ಟು. ಬ್ರೇಕ್, ಟಯರ್, ಚಕ್ರದ ನಟ್ಟು, ಸ್ಟಿಯರಿಂಗ್, ಇಂಧನ ಸೋರಿಕೆ, ಬ್ಯಾಟರಿ ಭದ್ರವಾಗಿದೆಯೇ, ಸೀಟ್ ಬೆಲ್ಟ್ ಕಾರಿನ ಚೌಕಟ್ಟಿಗೇ ಬಿಗಿದಿದೆಯೇ ಎಂದು ನೋಡಿದ ಮೇಲೆಯೇ ಗಾಜಿಗೆ ಅಂಕಿ ಬರೆಯುವುದು. ಬೀದಿ ಕಾರುಗಳಲ್ಲಿ ಸೀಟ್ ಬೆಲ್ಟ್ ಅಪರೂಪವಾಗಿದ್ದ ಕಾಲದಲ್ಲಿ ಇದು ಅನೇಕರಿಗೆ ಅತಿರೇಕವಾಗಿ ಕಂಡಿತ್ತು.

ಪ್ರತಿಯೊಂದು ನಿಯಮಕ್ಕೂ ಕಾರಣವಿತ್ತು. ಎಂಜಿನ್ ವಿಪರೀತ ವೇಗದಲ್ಲಿ ತಿರುಗುವಾಗ ಫ್ಲೈವೀಲ್ ಅಥವಾ ಕ್ಲಚ್ ಸಿಡಿದರೆ ಅದರ ಚೂರು ಗರಗಸದಂತೆ ಕಾರಿನ ತಳ ಸೀಳಿ ಚಾಲಕನ ಕಾಲಿಗೆ ಬರುತ್ತದೆ. ಆದ್ದರಿಂದ ಅದರ ಸುತ್ತ ದಪ್ಪ ಉಕ್ಕಿನ ಕವಚ ಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಜಾಯಿಂಟ್ ಮುರಿದರೆ ಶಾಫ್ಟ್ ನೆಲಕ್ಕೆ ಕಚ್ಚಿ ಕಾರನ್ನೇ ಎತ್ತಿ ಒಗೆಯಬಹುದು. ಆದ್ದರಿಂದ ಅದರ ಕೆಳಗೊಂದು ಉಕ್ಕಿನ ಬಳೆ. ಕಾರು ಮಗುಚಿದರೆ ತಲೆಯ ಮೇಲಿನ ತಗಡು ಕಾಪಾಡದು. ಆದ್ದರಿಂದ ಆಸನದ ಹಿಂದೆ ರೋಲ್ ಬಾರ್ ಎಂಬ ಬಾಗಿದ ಕೊಳವೆ.

ಈ ಎಲ್ಲವನ್ನೂ ಎಲ್ಲರ ಮೇಲೂ ಹೇರದಿರುವುದು ಈ ವ್ಯವಸ್ಥೆಯ ಜಾಣತನ. ವೇಗ ಏರಿದಂತೆ ನಿಯಮವೂ ಬಿಗಿಯಾಗುತ್ತದೆ. ಆ ಸಂಘದ ಈಚಿನ ನಿಯಮಾವಳಿಯ ಪ್ರಕಾರ ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಕಾರಿನ ಚಾಲಕನಿಗೆ ಹೆಲ್ಮೆಟ್ ಕಡ್ಡಾಯ. ಹಳೆಯ ಮಾದರಿಯ ಸಾಮಾನ್ಯ ಕಾರುಗಳಲ್ಲಿ 11.49 ಸೆಕೆಂಡಿನಿಂದ ರೋಲ್ ಬಾರ್, ವೇಗ ಇನ್ನೂ ಏರಿದರೆ ಸುತ್ತಲೂ ಕೊಳವೆಗಳ ಪಂಜರ ಬೇಕಾಗುತ್ತದೆ. ಹೊಸಬನಿಗೆ ಹೊರೆ ಕಡಿಮೆ. ವೇಗ ಬಯಸುವವನಿಗೆ ಹೊಣೆ ಹೆಚ್ಚು.

ಇಂಧನ ನಿಷೇಧದ ವಿವಾದ

ಪಾರ್ಕ್ಸ್ ಎಲ್ಲರಿಗೂ ಪ್ರಿಯರಾಗಿರಲಿಲ್ಲ. 1950ರ ದಶಕದಲ್ಲಿ ನೈಟ್ರೋಮೀಥೇನ್ ಎಂಬ ದ್ರಾವಣದ ಬಳಕೆ ಹೆಚ್ಚಾಗಿತ್ತು. ತನ್ನೊಳಗೇ ಆಮ್ಲಜನಕ ಹೊತ್ತಿರುವ ಈ ಇಂಧನ ಪೆಟ್ರೋಲಿಗಿಂತ ಬಹುಪಟ್ಟು ಶಕ್ತಿ ಕೊಡುತ್ತದೆ. ಹದ ತಪ್ಪಿದರೆ ಎಂಜಿನ್ ಬಾಂಬಿನಂತೆ ಸಿಡಿಯುತ್ತದೆ. ವೇಗ ಏರುತ್ತಿತ್ತು, ಓಡುಹಾದಿಗಳ ಉದ್ದ ಮಾತ್ರ ಅಷ್ಟೇ ಇತ್ತು. 1957ರಲ್ಲಿ ಪಾರ್ಕ್ಸ್ ಸಂಘ ತನ್ನ ಪಂದ್ಯಗಳಲ್ಲಿ ಪೆಟ್ರೋಲ್ ಹೊರತು ಬೇರೆ ಇಂಧನ ಬಳಸಕೂಡದೆಂದು ಸಾರಿತು.

ಹೆಸರಾಂತ ಚಾಲಕರು ಸಿಟ್ಟಾದರು. ಪ್ರತಿಸ್ಪರ್ಧಿ ಸಂಘಗಳು ನೈಟ್ರೋ ಕಾರುಗಳಿಗೆ ಬಾಗಿಲು ತೆರೆದವು, ಜನ ಅಲ್ಲಿಗೂ ಮುಗಿಬಿದ್ದರು. ವೇಗ ಕಂಡರೆ ಪಾರ್ಕ್ಸ್‌ಗೆ ಆಗದು ಎನ್ನುವಂತಿರಲಿಲ್ಲ. ಅದೇ 1957ರಲ್ಲಿ ಅವರು ಸ್ವತಃ ಮಾರ್ಪಡಿಸಿದ ಪ್ಲಿಮತ್ ಕಾರನ್ನು ಫ್ಲೋರಿಡಾದ ಡೇಟೋನಾ ಕಡಲತೀರದಲ್ಲಿ ಗಂಟೆಗೆ ಸುಮಾರು 160 ಮೈಲಿ, ಅಂದರೆ 257 ಕಿಲೋಮೀಟರ್ ವೇಗದಲ್ಲಿ ಓಡಿಸಿದ್ದರು. ಕೊನೆಗೆ 1963-64ರ ಹೊತ್ತಿಗೆ ನಿಷೇಧ ಹಂತಹಂತವಾಗಿ ತೆರವಾಯಿತು. ಅಷ್ಟರಲ್ಲಿ ಕಾರಿನ ಚೌಕಟ್ಟು, ಅಗ್ನಿನಿರೋಧಕ ಉಡುಪು, ಕಾರು ನಿಲ್ಲಿಸುವ ಪ್ಯಾರಾಚೂಟ್ ಎಲ್ಲವೂ ಸುಧಾರಿಸಿದ್ದವು. ನಿಷೇಧ ಸೋತಿತೆಂದು ಕೆಲವರು ಹೇಳಿದರೆ, ಅದು ಬೇಕಾದ ಕಾಲಾವಕಾಶ ದೊರಕಿಸಿತೆಂದು ಹೇಳುವವರೂ ಉಂಟು.

1963ರಲ್ಲೇ ಇನ್ನೊಂದು ಬದಲಾವಣೆ ಬಂತು. ಅಲ್ಲಿಯವರೆಗೆ ಎರಡು ಕಾರುಗಳ ನಡುವೆ ನಿಂತು ಬಾವುಟ ಬೀಸುವವನೇ ಓಟಕ್ಕೆ ಚಾಲನೆ ಕೊಡುತ್ತಿದ್ದ. ಅವನ ಜಾಗಕ್ಕೆ ಬಣ್ಣದ ದೀಪಗಳ ಕಂಬ ಬಂತು. ಕ್ರಿಸ್‌ಮಸ್ ಮರ ಎಂದು ಕರೆಸಿಕೊಂಡ ಆ ಕಂಬ ಪಕ್ಷಪಾತದ ದೂರನ್ನೂ ನೀಗಿತು, ಒಬ್ಬ ಮನುಷ್ಯನನ್ನು ಅಪಾಯದ ಜಾಗದಿಂದಲೂ ಸರಿಸಿತು.

ಆದರೂ ಅಪಘಾತಗಳು ನಿಂತವೆಂದಲ್ಲ. 1970ರಲ್ಲಿ ಪ್ರಖ್ಯಾತ ಚಾಲಕ ಡಾನ್ ಗಾರ್ಲಿಟ್ಸ್ ಓಡಿಸುತ್ತಿದ್ದ ಕಾರಿನ ಗೇರ್ ಪೆಟ್ಟಿಗೆ ಸಿಡಿದು ಅವರ ಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಿಂದ ಎದ್ದು ಬಂದ ಅವರು ಎಂಜಿನ್ನನ್ನು ಚಾಲಕನ ಹಿಂದಕ್ಕೆ ಒಯ್ದ ಕಾರು ಕಟ್ಟಿ 1971ರಲ್ಲಿ ಗೆದ್ದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಆ ವರ್ಗದ ಕಾರುಗಳೆಲ್ಲ ಆ ವಿನ್ಯಾಸಕ್ಕೆ ತಿರುಗಿದವು.

ಕೊನೆಯ ವರ್ಷಗಳು

1984ರಲ್ಲಿ ಪಾರ್ಕ್ಸ್ ಅಧ್ಯಕ್ಷ ಪದವಿ ಬಿಟ್ಟುಕೊಟ್ಟು ಆಡಳಿತ ಮಂಡಳಿಯ ಮುಖ್ಯಸ್ಥರಾಗಿ ಮುಂದುವರಿದರು. ಮೊದಲ ಪಂದ್ಯ ನಡೆದ ಪೊಮೋನಾದಲ್ಲೇ 1998ರಲ್ಲಿ ಸ್ಥಾಪನೆಯಾದ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರು ಸಂದಿತು. 2007ರ ಸೆಪ್ಟೆಂಬರ್ 28ರಂದು, ತಮ್ಮ 94ನೆಯ ವಯಸ್ಸಿನಲ್ಲಿ, ಅವರು ಕಣ್ಣು ಮುಚ್ಚಿದರು.

ಮರುವರ್ಷ, 2008ರ ಜೂನ್‌ನಲ್ಲಿ, ಚಾಲಕ ಸ್ಕಾಟ್ ಕಾಲಿಟ್ಟಾ ನ್ಯೂಜೆರ್ಸಿಯ ಪಂದ್ಯದಲ್ಲಿ ಕಾರು ನಿಲ್ಲಿಸಲಾಗದೆ ಅಸುನೀಗಿದರು. ಕೆಲವೇ ದಿನಗಳಲ್ಲಿ ಸಂಘ ಅತಿವೇಗದ ನೈಟ್ರೋ ಕಾರುಗಳ ಓಟವನ್ನು ಕಾಲು ಮೈಲಿಯಿಂದ 1,000 ಅಡಿಗೆ, ಅಂದರೆ ಸುಮಾರು 305 ಮೀಟರಿಗೆ ಇಳಿಸಿತು. ಅರ್ಧ ಶತಮಾನದಿಂದ ನಡೆದುಬಂದ ಕಾಲು ಮೈಲಿಯನ್ನು ಒಂದು ಜೀವಕ್ಕಾಗಿ ಕೈಬಿಡಲಾಯಿತು. ಪಾರ್ಕ್ಸ್ ಬಿಟ್ಟುಹೋದ ಪರಂಪರೆ ಇದೇ ಇರಬೇಕು.

ನಮ್ಮ ನೆಲದಲ್ಲಿ

ಭಾರತದ ಕಾರು ಪಂದ್ಯದ ಕಥೆಯೂ ಹಳೆಯ ವಿಮಾನಹಾದಿಯಿಂದಲೇ ಆರಂಭವಾಗುತ್ತದೆ. ಚೆನ್ನೈ ಬಳಿಯ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧ ಕಾಲದ ಓಡುಹಾದಿಯೇ ದಶಕಗಳ ಕಾಲ ಪಂದ್ಯದ ಕಣವಾಗಿತ್ತು. ಕೊಯಮತ್ತೂರಿನ ಎಸ್. ಕರಿವರ್ಧನ್ 1988ರಲ್ಲಿ ಆರಂಭಿಸಿದ ಫಾರ್ಮುಲಾ ಮಾರುತಿ ವರ್ಗದಲ್ಲಿ ಎಲ್ಲ ಕಾರಿಗೂ ಮನೆಮನೆಯ ಮಾರುತಿ 800 ಕಾರಿನ ಎಂಜಿನ್ನೇ ಇತ್ತು. ಹಣದ ಬದಲು ಕೌಶಲ ಗೆಲ್ಲಲಿ ಎಂಬ ಪಾರ್ಕ್ಸ್ ಆಶಯಕ್ಕೆ ಹತ್ತಿರವಾದ ಪ್ರಯೋಗವದು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರೂ, ಆ ವರ್ಗದಲ್ಲಿ ಪಳಗಿದ ನರೈನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಮುಟ್ಟಿದರು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯಲ್ಲೂ ತಪಾಸಣೆ, ಪಂಜರ, ಎಂಜಿನ್ ಗಾತ್ರದ ವರ್ಗ ಇವೆಲ್ಲ ಉಂಟು.

ಸಾರ್ವಜನಿಕ ರಸ್ತೆಯ ಮೇಲೆ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪಂಥದ ಓಟ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯಲ್ಲಿ ಮೊದಲ ತಪ್ಪಿನ ಗರಿಷ್ಠ ದಂಡ 500 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ದಂಡ ಬೇಕು, ಸರಿ. ಆದರೆ ಪೊಮೋನಾದ ಪೊಲೀಸರು ದಂಡದ ಪುಸ್ತಕದ ಜತೆಗೆ ಒಂದು ಮೈದಾನದ ಬೀಗದ ಕೈಯನ್ನೂ ಹಿಡಿದು ಬಂದಿದ್ದರು. ಅಮೆರಿಕದಲ್ಲಿ ಬೀದಿ ಓಟ ಪೂರ್ತಿ ಅಳಿದಿಲ್ಲ, ಆದರೆ ಅಲ್ಲಿನ ಹುಡುಗನಿಗೆ ಹೋಗಲು ಇನ್ನೊಂದು ಜಾಗವಿದೆ.

ಅಂಥ ಜಾಗಕ್ಕೆ ಬೇಕಾದದ್ದು ಅಷ್ಟೇನೂ ದೊಡ್ಡದಲ್ಲ. ಅನುಮತಿ ಪಡೆದ ಅರ್ಧ ಮೈಲಿಯ ನೇರ ನೆಲ, ಎರಡೂ ಬದಿ ಬೇಲಿ, ಒಂದು ಆಂಬುಲೆನ್ಸ್, ಹೆಲ್ಮೆಟ್ ಇಲ್ಲದವನನ್ನು ಹಿಂದಕ್ಕೆ ಕಳಿಸುವ ಒಬ್ಬ ತಪಾಸಕ, ನೂರು ಸಿಸಿಯ ಗಾಡಿಯನ್ನು ಇನ್ನೂರರ ಎದುರು ನಿಲ್ಲಿಸದ ಒಂದು ಪಟ್ಟಿ. ತೆಂಗಿನ ಸೀಮೆಯ ಹುಡುಗರಿಗೆ ಸದ್ಯ ಇರುವುದು ಬೇಸಿಗೆಯ ಕೆರೆ ಅಂಗಳ ಮಾತ್ರ. ಮಳೆ ಬಂದು ಕೆರೆ ತುಂಬಿದರೆ ಊರಿಗೆಲ್ಲ ಸಂತೋಷ. ಆಗ ಅವರಿಗೆ ಉಳಿಯುವುದು ಹೆದ್ದಾರಿಯೊಂದೇ.